ಕಾಪುವಿನ ಹಳೇ ಬೆಂಜ್: ಏಳು ತಿಂಗಳ ಕೆಲಸದ ದಾಖಲೆ

ಕಾರು 1996ರ ಮರ್ಸಿಡಿಸ್ ಬೆಂಜ್ ಇ220. ಡಬ್ಲ್ಯೂ124 ಮಾದರಿ, 2.2 ಲೀಟರ್ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ. 1995ರಲ್ಲಿ ಪುಣೆಯ ಟೆಲ್ಕೋ (ಮುಂದೆ ಟಾಟಾ ಮೋಟಾರ್ಸ್ ಆದ ಕಂಪನಿ) ಕಾರ್ಖಾನೆಯಲ್ಲಿ ಬೆಂಜ್ ಕಾರುಗಳನ್ನು ಜೋಡಿಸಲು ಶುರುಮಾಡಿದಾಗ ಹೊರಬಂದ ಮೊದಲ ಮಾದರಿ ಇದೇ. ನಾನು ಹೈಸ್ಕೂಲಿನಲ್ಲಿದ್ದಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಇಂಥದೊಂದು ನಿಂತಿದ್ದರೆ ಬಸ್ಸು ಬಿಟ್ಟಾದರೂ ನೋಡುತ್ತಿದ್ದೆ. ಆ ಆಸೆ ಇಪ್ಪತ್ತೈದು ವರ್ಷ ಹಾಗೇ ಉಳಿದಿತ್ತು.

ಎ.ಸಿ. ಕೆಲಸ ಇನ್ನೂ ಬಾಕಿ ಇದೆ. ಆದರೆ ಅಡಿಭಾಗದ ತುಕ್ಕಿನ ಕೆಲಸ ಮುಗಿದು ಒಂದು ಮಳೆಯನ್ನೂ ಕಂಡಿತು. ಲೆಕ್ಕ, ಅಳತೆ, ತಪ್ಪು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಸಮುದ್ರದ ಬದಿಯಲ್ಲಿ ಹಳೇ ಕಾರು ಕೊಳ್ಳಲು ಹೊರಟವರು ಕೊನೇಪಕ್ಷ ಮೊದಲ ಎರಡು ಭಾಗವನ್ನಾದರೂ ಓದಲಿ.

2022 ನವೆಂಬರ್ 20, ಕಾಪು

ಕಾರು ಒಬ್ಬ ಡಾಕ್ಟರರದು, ಅವರ ಮನೆ ಉಡುಪಿ ಬಳಿಯ ಕಾಪುವಿನಲ್ಲಿ. ಅಂಗಳದಲ್ಲಿ ನಿಂತರೆ 1901ರ ಲೈಟ್‌ಹೌಸ್ ಕಾಣುತ್ತದೆ, ಅಷ್ಟು ಹತ್ತಿರ ಸಮುದ್ರ. ಇದನ್ನು ನೋಡಿದ ಕೂಡಲೇ ನಾನು ಎಚ್ಚರವಾಗಬೇಕಿತ್ತು. ಕಾರು ತಗಡಿನ ಮಾಡಿನ ಕೆಳಗೆ ಮೂರು ವರ್ಷದಿಂದ ನಿಂತಿತ್ತು. ಡಾಕ್ಟರರು 2019ರಲ್ಲಿ ತೀರಿಕೊಂಡಿದ್ದರು. ಅವರ ಹೆಂಡತಿ, ಆ ಮನೆಯ ಅಮ್ಮನೇ ಕೀ ತಂದುಕೊಟ್ಟರು.

“ಅವರು ಇದ್ದಾಗ ಪ್ರತಿ ಭಾನುವಾರ ಸ್ಟಾರ್ಟ್ ಮಾಡ್ತಿದ್ರು ಮಗಾ. ಈಗ ಯಾರಿದ್ದಾರೆ ನೋಡ್ಲಿಕ್ಕೆ?”

ಜೊತೆಗೆ ಬಂದಿದ್ದ ಭಾವ ಬೇರೆ ಬ್ಯಾಟರಿ ಕೊಟ್ಟು, ಸಣ್ಣ ಕ್ಯಾನಿನಿಂದ ಹೊಸ ಪೆಟ್ರೋಲ್ ಹಾಯಿಸಿ ಎಂಜಿನ್ ತಿರುಗಿಸಿದರು. ನಾಲ್ಕನೇ ಸಲಕ್ಕೆ ಹಿಡಿಯಿತು. ಒರಟಾಗಿ ಓಡಿದರೂ ನೀಲಿ ಹೊಗೆ ಇಲ್ಲ, ಚೈನಿನ ಸದ್ದಿಲ್ಲ. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಹಾಗೆ ಸದ್ದು. ನನ್ನ ಮನಸ್ಸು ಅಲ್ಲೇ ನಿರ್ಧಾರ ಮಾಡಿಬಿಟ್ಟಿತ್ತು.

ನೋಡಿದ್ದು ಇಷ್ಟು: ಎಂಜಿನ್, ಗೇರ್, ಸೀಟು, ಡ್ಯಾಶ್‌ಬೋರ್ಡ್, ಚಾಸಿಸ್ ನಂಬರ್. ಬಾನೆಟ್ ಒಳಗೆ ಎಂಜಿನ್ ಹಿಂದಿನ ಗೋಡೆಯಲ್ಲಿ ಕೊರೆದ ನಂಬರ್ ಆರ್‌ಸಿಗೆ ತಾಳೆಯಾಯಿತು.

ನೋಡದೆ ಬಿಟ್ಟದ್ದು ಇದು: ಈ ಕಾರಿನ ಬಾಗಿಲುಗಳ ಕೆಳಭಾಗಕ್ಕೂ ಅದರ ಕೆಳಗಿನ ಅಂಚಿಗೂ ಅಗಲವಾದ ಪ್ಲಾಸ್ಟಿಕ್ ಪಟ್ಟಿಗಳಿವೆ. ಆಗ ಬೆಂಜ್ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಬ್ರೂನೋ ಸಾಕೋ ಅವರ ಹೆಸರಲ್ಲೇ ‘ಸಾಕೋ ಪಟ್ಟಿ’ ಎಂದು ಕರೆಯುತ್ತಾರೆ. ನೋಡಲು ಚಂದ, ಸಣ್ಣ ತಾಗುವಿಕೆಗೆ ರಕ್ಷಣೆ. ಆದರೆ ಅದರ ಹಿಂದೆ ಮಣ್ಣು, ಉಪ್ಪು, ತೇವ ಸೇರಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕೆಳಗಿನ ಪಟ್ಟಿ ಬಿಚ್ಚಲು ಬೇಕಾದದ್ದು ಇಪ್ಪತ್ತು ನಿಮಿಷ, ನಾಲ್ಕು ಕ್ಲಿಪ್ ಮುರಿದರೆ ಕೊಡಬೇಕಾದ ದುಡ್ಡು. ಅಷ್ಟನ್ನು ನಾನು ಮಾಡಲಿಲ್ಲ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಟಾರು ಬಳಿದಿತ್ತು. ಅದನ್ನು ಒಳ್ಳೆಯ ನಿರ್ವಹಣೆ ಎಂದುಕೊಂಡೆ. ಹಳೇ ಕಾರಿನ ಅಡಿಯಲ್ಲಿ ಹೊಸ ಟಾರು ಕಂಡರೆ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಬೇಕೆಂದು ಈಗ ಗೊತ್ತು.

ಹೇಳಿದ ಬೆಲೆ 2,75,000. ಮಾತಾಡಿ 2,40,000ಕ್ಕೆ ಒಪ್ಪಿಗೆಯಾಯಿತು. 50,000 ಮುಂಗಡ ಕೊಟ್ಟೆ.

2022 ಡಿಸೆಂಬರ್: ಕಾಗದ

ಎರಡನೇ ತಪ್ಪು. ಆರ್‌ಸಿ ಇನ್ನೂ ಡಾಕ್ಟರರ ಹೆಸರಲ್ಲೇ ಇತ್ತು, ಅವಧಿಯೂ 2021ರ ಆಗಸ್ಟ್‌ಗೆ ಮುಗಿದಿತ್ತು. ಎರಡನ್ನೂ ನಾನು ಓದಿದ್ದು ಮುಂಗಡ ಕೊಟ್ಟ ಮೇಲೆ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಮಗ ದುಬೈಯಲ್ಲಿ, ಅವರು ಊರಿಗೆ ಬಂದು ಸಹಿ ಹಾಕುವಾಗ ಫೆಬ್ರವರಿ. ಆಮೇಲೆ ಅಮ್ಮನಿಂದ ನನಗೆ ಫಾರಂ 29 ಮತ್ತು 30. ನೋಂದಣಿ ನವೀಕರಣಕ್ಕೆ ಫಾರಂ 25, ಅದಕ್ಕೆ ಕಾರನ್ನು ಆರ್‌ಟಿಒ ಇನ್‌ಸ್ಪೆಕ್ಟರರ ಮುಂದೆ ಓಡಿಸಿ ತೋರಿಸಬೇಕು. ಹಾಗಾಗಿ ನನ್ನ ಹೆಸರಿಗೆ ಆಗುವ ಮೊದಲೇ ಕಾರಿಗೆ ದುಡ್ಡು ಸುರಿಯಬೇಕಾದ ಸ್ಥಿತಿ.

15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ತಡವಾದ ಪ್ರತಿ ತಿಂಗಳಿಗೆ 500 ಬೇರೆ. 1500 ಸಿಸಿ ಮೀರಿದ ಕಾರಿನ ಥರ್ಡ್ ಪಾರ್ಟಿ ವಿಮೆ 7,897, ಮೇಲೆ ಜಿಎಸ್‌ಟಿ. ಹಸಿರು ತೆರಿಗೆ, ಹೆಸರು ಬದಲಾವಣೆ ಎಲ್ಲ ಸೇರಿ ಕೊನೆಗೆ 26,000 ಆಯಿತು. ಅಮ್ಮನ ಜೊತೆ ಒಂದು ಒಪ್ಪಂದ ಬರೆದುಕೊಂಡೆ: ಬೆಲೆಯಲ್ಲಿ 40,000 ಹೆಸರು ಬದಲಾದ ದಿನವೇ ಕೊಡುವುದು. ಅವರು ಸಂತೋಷದಿಂದಲೇ ಒಪ್ಪಿದರು.

ಡಿಸೆಂಬರ್ 18ಕ್ಕೆ ಟೋವಿಂಗ್ ಲಾರಿಯಲ್ಲಿ ಮಂಗಳೂರಿನ ಕಾವೂರಿಗೆ, ನಮ್ಮಲ್ಲಿಗೆ ತಂದೆ. 4,500 ರೂಪಾಯಿ.

2023 ಜನವರಿ: ಪಟ್ಟಿ ಬಿಚ್ಚಿದ ದಿನ

ಎಡ ಹಿಂದಿನ ಚಕ್ರದ ಮುಂದೆ ಜಾಕ್ ಹಾಕುವ ತೂತಿದೆ. ಅದರ ಸುತ್ತ ಪಟ್ಟಿ ಎಳೆದಾಗ ಕ್ಲಿಪ್‌ಗಳ ಜೊತೆಗೆ ಒಂದು ಬೊಗಸೆ ಕೆಂಪು ಪುಡಿ ಬಿತ್ತು. ಬಾಗಿಲ ಕೆಳಗಿನ ಪೊಳ್ಳು ಪೆಟ್ಟಿಗೆಗೆ ನಮ್ಮ ಟಿಂಕರ್‌ಗಳು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಸ್ಕ್ರೂಡ್ರೈವರ್ ಒತ್ತಿದರೆ ಅಲ್ಲಿ ಹಿಡಿಯವರೆಗೆ ಒಳಗೆ ಹೋಯಿತು. ಅಳೆದದ್ದು:

ಎಡ ಹಿಂಭಾಗ 22 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ, ಒಳಗಿನ ಪದರವೂ ಹೋಗಿದೆ. ಬಲ ಹಿಂಭಾಗ 14 × 6, ಹೊರಪದರ ಮಾತ್ರ. ಎಡ ಮುಂಭಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಎರಡು ತೂತು. ಬ್ಯಾಟರಿ ತಟ್ಟೆ ಮೇಲ್ಮೈ ತುಕ್ಕು, ಉಜ್ಜಿದರೆ ಸಾಕು. ಹಿಂದಿನ ಗಾಜಿನ ಕೆಳಮೂಲೆ ಒಂದರಲ್ಲಿ ಪೈಂಟ್ ಉಬ್ಬಿದೆ.

ಆ ರಾತ್ರಿ ಊಟ ಸೇರಲಿಲ್ಲ. ಇಡೀ ದುರಸ್ತಿಗೆ ನಾನು ಇಟ್ಟುಕೊಂಡಿದ್ದ ಲೆಕ್ಕ 80,000.

ಅವಸರದಲ್ಲಿ ಮೂರನೇ ತಪ್ಪು ಮಾಡಿದೆ. ಒಬ್ಬರು ಮೂರು ದಿನದಲ್ಲಿ, 14,000ಕ್ಕೆ ಮುಗಿಸಿಕೊಡುತ್ತೇನೆ ಎಂದರು. ತೆಳು ತಗಡನ್ನು ರಿವೆಟ್ ಹೊಡೆದು ಕೂರಿಸಿ, ಮೇಲೆ ಫೈಬರ್, ಪುಟ್ಟಿ, ಟಾರು. ಕಣ್ಣಿಗೆ ಹೊಸದರಂತೆಯೇ ಕಂಡಿತು. ಫೆಬ್ರವರಿ 12ಕ್ಕೆ ಬ್ರೇಕ್ ನೋಡಲು ಅದೇ ಜಾಗಕ್ಕೆ ಜಾಕ್ ಕೊಟ್ಟೆ. ಚಕ್ರ ನೆಲ ಬಿಡುವ ಮೊದಲೇ ಪುಟ್ಟಿ ಬಿರಿದು, ಜಾಕ್ ನಾಲ್ಕು ಬೆರಳು ಮೇಲಕ್ಕೆ ನುಗ್ಗಿತು, ಕಾರು ವಾಲಿತು. ಮೊದಲೇ ಬಿಚ್ಚಿ ಅಡಿಗೆ ತಳ್ಳಿದ್ದ ಸ್ಟೆಪ್ನಿಯ ಮೇಲೆ ಕೂತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಈ ಕಾರಿನ ತೂಕ ಸುಮಾರು 1,400 ಕಿಲೋ. ಜಾಕ್ ಒಂದನ್ನೇ ನಂಬಿ ಅಡಿಗೆ ಕೈ ಹಾಕಬೇಡಿ. ಕೆಂಪುಕಲ್ಲನ್ನೂ ಸಿಮೆಂಟ್ ಬ್ಲಾಕನ್ನೂ ಇಡಬೇಡಿ. ಗೋಡೆಗೆ ಗಟ್ಟಿಯಾದ ಕಲ್ಲು ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಬಿರಿಯುತ್ತದೆ. ಮರುದಿನವೇ 3 ಟನ್ನಿನ ಜಾಕ್ ಸ್ಟ್ಯಾಂಡ್ ನಾಲ್ಕು ಬಾಡಿಗೆಗೆ ತಂದೆ.

ಫೆಬ್ರವರಿ: ಪೆಟ್ರೋಲ್, ಬ್ರೇಕ್

ಇದು ಸುಲಭದ ಭಾಗ. ಟ್ಯಾಂಕ್ 70 ಲೀಟರಿನದು, ಅದರಲ್ಲಿ ಉಳಿದಿದ್ದ ಸುಮಾರು 30 ಲೀಟರ್ ಹಳೇ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಟ್ಯಾಂಕಿನ ತಳದಲ್ಲಿ ತಿರುಪಿನ ಜಾಲರಿ ಇದೆ, ಬಿಚ್ಚಲು 46 ಮಿ.ಮೀ. ಸಾಕೆಟ್ ಬೇಕು. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಪಂಪ್ ಮತ್ತು ಫಿಲ್ಟರ್ ಕಾರಿನ ಅಡಿಯಲ್ಲೇ, ಬಲ ಹಿಂದಿನ ಚಕ್ರದ ಮುಂದೆ. ಪಂಪ್ ಸತ್ತಿತ್ತು: 7,800. ಫಿಲ್ಟರ್ 1,100, ರಬ್ಬರ್ ಪೈಪ್ 900, ಟ್ಯಾಂಕ್ ತೊಳೆಸಿದ್ದು 1,500.

ಹಿಂದಿನ ಎರಡೂ ಬ್ರೇಕ್ ಕ್ಯಾಲಿಪರ್ ಜಾಮ್ ಆಗಿದ್ದವು. ಮುಂದಿನ ಹೋಸ್ ಹೊರಗೆ ಚೆನ್ನಾಗಿದ್ದು ಒಳಗೆ ಉಬ್ಬಿದ್ದವು. ಸೀಲ್ ಕಿಟ್, ಹೋಸ್, ಪ್ಯಾಡ್, ಡಾಟ್ 4 ಆಯಿಲ್, ಕೂಲಿ ಸೇರಿ 18,700. ಟೈರಿನಲ್ಲಿ 1415 ಎಂದಿತ್ತು, 2015ರ ಹದಿನಾಲ್ಕನೇ ವಾರದ್ದು. ಗೀರು ದಪ್ಪ ಇದ್ದರೂ ಅದನ್ನು ನಂಬುವಂತಿಲ್ಲ. 195/65 ಆರ್15, ನಾಲ್ಕಕ್ಕೆ 23,600. ಬ್ಯಾಟರಿ 7,200.

ಮಾರ್ಚ್ 5ರಿಂದ 26: ವೆಲ್ಡಿಂಗ್

ಬೈಕಂಪಾಡಿಯಲ್ಲಿ ಮೀನುಗಾರಿಕೆ ದೋಣಿಗಳ ಕಬ್ಬಿಣದ ಕೆಲಸ ಮಾಡುವ ಒಬ್ಬರು ಸಿಕ್ಕಿದರು. ಉಪ್ಪುನೀರಿನ ತುಕ್ಕು ಅವರ ದಿನನಿತ್ಯದ ವಿಷಯ. ರಿವೆಟ್ ಹೊಡೆದದ್ದನ್ನು ಕಿತ್ತು ನೋಡಿ, “ಇದು ಹುಣ್ಣಿಗೆ ಮಣ್ಣು ಮೆತ್ತಿದ ಹಾಗೆ ಆಯ್ತಲ್ಲ ಮಾರಾಯ್ರೇ. ಹೊಳೆಯುವ ಕಬ್ಬಿಣ ಸಿಗುವ ತನಕ ಕತ್ತರಿಸ್ಬೇಕು. ನಿಮಗೆ ನೋಡ್ಲಿಕ್ಕೆ ಬೇಜಾರಾಗ್ತದೆ, ಆಚೆ ಹೋಗಿ ಚಾ ಕುಡೀರಿ” ಎಂದರು. ನಾನು ಹೋಗಲಿಲ್ಲ. ಅವರು ಮಾಡಿದ ಕ್ರಮವನ್ನು ಅಲ್ಲೇ ನಿಂತು ಬರೆದುಕೊಂಡೆ.

ಮೊದಲು ಬ್ಯಾಟರಿ ತೆಗೆದು, ಎಂಜಿನ್ ಕಂಪ್ಯೂಟರಿನ ಕನೆಕ್ಟರ್ ಬಿಡಿಸಿದ್ದು. ಸೀಟು, ಕಾರ್ಪೆಟ್ ಹೊರಗೆ. ಕಾರ್ಪೆಟ್ ಅಡಿಯ ಸ್ಪಂಜು ಹಿಂಡಿದರೆ ನೀರು ಬಂತು, ಅದೇ ಒಳಪದರ ತಿಂದದ್ದು. ಬಕೆಟ್ ನೀರು, ಒದ್ದೆ ಗೋಣಿ ಪಕ್ಕದಲ್ಲೇ.

ಬಾಗಿಲುಗಳ ಸಂದು ಅಳೆದು ಸುಣ್ಣದಲ್ಲಿ ಬರೆದಿಟ್ಟರು: ಎಡ ಹಿಂದಿನ ಬಾಗಿಲಲ್ಲಿ ಮೇಲೆ 4.5 ಮಿ.ಮೀ., ಕೆಳಗೆ 5. ರನ್ನಿಂಗ್ ಬೋರ್ಡ್ ಕತ್ತರಿಸಿದಾಗ ಕಾರು ನಡುವಲ್ಲಿ ಸ್ವಲ್ಪ ಬಗ್ಗಿದರೂ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬಾಗಿಲು ಮುಚ್ಚಿಟ್ಟೇ ಕೆಲಸ, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿ. ಪ್ರತಿದಿನ ಸಂಜೆ ಮತ್ತೆ ಅಳತೆ.

ಒಳಪದರಕ್ಕೂ ಜಾಕ್ ಕೊಳವೆಯ ಸುತ್ತಲೂ 18 ಗೇಜಿನ ಶೀಟು, ಅಂದರೆ 1.2 ಮಿ.ಮೀ. ಹೊರಪದರಕ್ಕೆ 20 ಗೇಜ್, 0.9 ಮಿ.ಮೀ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ, ಅದನ್ನು ಶೀಟಿನ ಮೇಲಿಟ್ಟು ಅದೇ ಆಕಾರಕ್ಕೆ ಶೀಟು. ಪದರಗಳು ಒಂದರ ಮೇಲೊಂದು ಬರುವಲ್ಲಿ 25 ಮಿ.ಮೀ.ಗೊಂದರಂತೆ 6 ಮಿ.ಮೀ. ತೂತು ಕೊರೆದು ಅದರೊಳಗೆ ಮಿಗ್ ವೆಲ್ಡ್. ಅಂಚುಗಳನ್ನು ಒಂದೇ ಉಸಿರಿಗೆ ಬೆಸೆಯದೆ ಇಲ್ಲೊಂದು ಬೊಟ್ಟು, ಅಲ್ಲೊಂದು ಬೊಟ್ಟು, ಆರಿದ ಮೇಲೆ ನಡುವಿನದು. ಒಟ್ಟಿಗೆ ಕಾಯಿಸಿದರೆ ತೆಳು ಶೀಟು ಹಪ್ಪಳದ ಹಾಗೆ ಏಳುತ್ತದೆ.

ಎಡ ಬದಿಗೆ ಒಂಬತ್ತು ದಿನ, ಬಲಕ್ಕೆ ನಾಲ್ಕು. ಶೀಟು 2,800, ಕೂಲಿ 32,000. ಇಷ್ಟು ಚೆನ್ನಾಗಿ ಖರ್ಚಾದ ದುಡ್ಡು ಇಡೀ ಕೆಲಸದಲ್ಲಿ ಬೇರೆ ಇಲ್ಲ.

ಒಂದು ಹಾನಿ ನನ್ನಿಂದ. ಕೊನೆಯ ದಿನ ಸಣ್ಣ ಗ್ರೈಂಡಿಂಗ್ ನಾನೇ ಮಾಡುತ್ತೇನೆಂದು ಹಠ ಹಿಡಿದೆ. ಹಿಂದಿನ ಬಾಗಿಲ ಗಾಜಿಗೆ ಗೋಣಿ ಮುಚ್ಚಲಿಲ್ಲ. ಕಿಡಿಗಳು ಗಾಜಿಗೆ ಕಚ್ಚಿ ಕಂದು ಚುಕ್ಕೆಗಳಾದವು. ಬ್ಲೇಡಿನಿಂದ ಕೆರೆದರೂ ಗುಳಿ ಹೋಗಲಿಲ್ಲ. ಮೂಲ ಗಾಜು, ಮೂಲೆಯಲ್ಲಿ ಕಂಪನಿ ಮುದ್ರೆ ಇರುವಂಥದು. ಪ್ರತಿ ಸಲ ಬಾಗಿಲು ತೆರೆಯುವಾಗ ಆ ಚುಕ್ಕೆ ಕಾಣುತ್ತದೆ, ನೋವಾಗುತ್ತದೆ.

ಏಪ್ರಿಲ್ ಮೊದಲ ವಾರ: ವೈರಿಂಗ್

ಎಂಜಿನ್ ಮೇಲಿನ ಕಪ್ಪು ಕೊಳವೆ ಬಿಚ್ಚಿ ವೈರು ಬಗ್ಗಿಸಿದರೆ ಹೊದಿಕೆ ಉದುರಿ ತಾಮ್ರ ಬೆತ್ತಲೆ. ಇಪ್ಪತ್ತೇಳು ವರ್ಷದ ಎಂಜಿನ್ ಬಿಸಿ. ಹೊಸ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು, ಜರ್ಮನಿಯಿಂದ ತರಿಸುವಷ್ಟು ಶಕ್ತಿ ನನಗಿರಲಿಲ್ಲ. ಕೂಳೂರಿನ ಆಟೋ ಎಲೆಕ್ಟ್ರೀಷಿಯನ್ ಒಬ್ಬರು ಹಳೇ ಕನೆಕ್ಟರ್ ಉಳಿಸಿಕೊಂಡು, ಬಿಸಿ ತಡೆಯುವ ವೈರಿನಲ್ಲಿ ಒಂದೊಂದನ್ನೇ ಬದಲಿಸಲು ಒಪ್ಪಿದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ವೈರು ಬಸ್ ಪಾರ್ಸೆಲ್‌ನಲ್ಲಿ ಬಂತು: 6,200. ಕೂಲಿ 15,000.

ಗುರುತು ಹಾಕುವ ಕೆಲಸ ನನ್ನದು. ಮಾಸ್ಕಿಂಗ್ ಟೇಪಿನ ಮೇಲೆ ಮಾರ್ಕರಿನಲ್ಲಿ ಬರೆದೆ. ಏಪ್ರಿಲ್ ಸೆಖೆಗೆ ಕೈ ಬೆವರಿ, ಪೆಟ್ರೋಲ್ ತಾಗಿ ನಾಲ್ಕು ಗುರುತು ಅಳಿಸಿದ್ದು ಗೊತ್ತಾಗಲಿಲ್ಲ. ಜೋಡಿಸಿ ಸ್ಟಾರ್ಟ್ ಮಾಡಿದರೆ ಎಂಜಿನ್ ಕುಂಟುತ್ತಿತ್ತು. ಪ್ಲಗ್, ಕಾಯಿಲ್, ಗಾಳಿ ಸೋರುವಿಕೆ ಎಲ್ಲ ಹುಡುಕಿ ಎರಡು ದಿನ ಕಳೆಯಿತು. ಕೊನೆಗೆ ಬಿಚ್ಚುವ ಮೊದಲು ಭಾವ ತೆಗೆದಿದ್ದ ಒಂದೇ ಒಂದು ಫೋಟೋದಲ್ಲಿ ವೈರಿನ ಬಣ್ಣ ಕಂಡಿತು: ಎರಡು ಮತ್ತು ಮೂರನೇ ಇಂಜೆಕ್ಟರಿನ (ಪೆಟ್ರೋಲ್ ಚಿಮ್ಮಿಸುವ ಭಾಗ) ವೈರು ಅದಲುಬದಲಾಗಿತ್ತು. ಸರಿಮಾಡಿದ ಕೂಡಲೇ ಎಂಜಿನ್ ಹೂವಿನ ಹಾಗೆ ಓಡಿತು. ಈಗ ಪ್ರತಿ ಕನೆಕ್ಟರಿಗೂ ಮೂರು ಫೋಟೋ, ಜೊತೆಗೆ ಪ್ಲಾಸ್ಟಿಕ್ ಟ್ಯಾಗ್.

ಇದೇ ವಾರ ಒಂಟಿ ವೈಪರಿನ ಗೇರನ್ನೂ ಬಿಚ್ಚಿದೆ. ಒಂದೇ ಕೈ ಹೊರಕ್ಕೂ ಒಳಕ್ಕೂ ಚಾಚುತ್ತ ಗಾಜಿನ ಮೂಲೆ ಮೂಲೆ ಒರೆಸುವ ಯಂತ್ರ ಅದು. ಬಾನೆಟ್ ನೆಟ್ಟಗೆ ನಿಲ್ಲುವಂತೆ ತೆರೆಯುವುದರಿಂದ ಕೆಲಸ ಆರಾಮ, ಆದರೆ ಮಾಡಿನ ತಗಡಿಗೆ ತಾಗದ ಹಾಗೆ ಕಾರನ್ನು ಮೊದಲೇ ಹೊರಗೆ ತನ್ನಿ. ಒಣಗಿದ ಗ್ರೀಸ್ ಒರೆಸಿ ಹೊಸದು ತುಂಬಿದೆ. ನಲವತ್ತು ನಿಮಿಷ.

ಏಪ್ರಿಲ್ 16ರಿಂದ ಮೇ: ಮುಚ್ಚಿದ ತೂತುಗಳು

ಬಹಳ ಮಂದಿ ಮಾಡುವ ತಪ್ಪು ಇದೇ ಎಂದು ಆಮೇಲೆ ವೆಲ್ಡರ್ ಅಣ್ಣ ಹೇಳಿದರು. ಹೊಸ ಕಬ್ಬಿಣಕ್ಕೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಸಂದುಗಳಿಗೆ ಸೀಲರ್, ಮೇಲೆ ಕಲ್ಲು ತಡೆಯುವ ರಬ್ಬರ್ ಕೋಟಿಂಗ್. ಎಲ್ಲ ಸೇರಿ 9,200. ಕೋಟಿಂಗ್ ನಾನೇ ಹೊಡೆದೆ. ಒಂದು ಹನಿ ನೀರೂ ಒಳಗೆ ಹೋಗಬಾರದು ಎಂದು ಕಂಡ ತೂತನ್ನೆಲ್ಲ ಮುಚ್ಚಿದೆ. ರನ್ನಿಂಗ್ ಬೋರ್ಡಿನ ಅಡಿಯಲ್ಲಿದ್ದ ನೀರು ಇಳಿಯುವ ತೂತುಗಳನ್ನೂ.

ಮೇ ಎರಡನೇ ವಾರ ಸಂಜೆ ಗುಡುಗು ಮಳೆ. ಮರುದಿನ ಕಾವೂರು ಏರು ಇಳಿದು ಬ್ರೇಕ್ ಒತ್ತಿದಾಗ ಕಾಲ ಬುಡದಲ್ಲಿ ಗುಳುಗುಳು ಸದ್ದು. ಎಳನೀರು ಅಲ್ಲಾಡಿಸಿದ ಹಾಗೆ. ಮೇಲಿನಿಂದ ನೀರು ಬಾಗಿಲ ಬೀಡಿಂಗ್ ಸಂದಿನಿಂದ ಒಳಗೆ ಬರುತ್ತದೆ, ಬಂದೇ ಬರುತ್ತದೆ. ಹೊರಗೆ ಹೋಗಲು ನಾನು ದಾರಿ ಇಟ್ಟಿರಲಿಲ್ಲ. ಎಡ ಬದಿಯಲ್ಲಿ ಮೊದಲ ತೂತು ಕೊರೆದ ಕೂಡಲೇ ಕೆಂಚು ನೀರು ಹರಿಯಿತು, ಡಬ್ಬದಲ್ಲಿ ಹಿಡಿದರೆ ಸುಮಾರು ಒಂದೂವರೆ ಲೀಟರ್. ಎರಡು ತಿಂಗಳ ಹಿಂದೆ ಬೆಸೆದ ಹೊಸ ಕಬ್ಬಿಣದ ಒಳಗೆ.

ಬಲ ಬದಿಯ ಮೂಲ ತೂತುಗಳ ಜಾಗ ನೋಡಿ, ಎಡಕ್ಕೂ ಅದೇ ಅಂತರದಲ್ಲಿ 8 ಮಿ.ಮೀ. ತೂತು ಕೊರೆದು, ಬಲದ್ದರ ಮೇಲಿನ ಕೋಟಿಂಗ್ ಕೆತ್ತಿ ತೆಗೆದೆ. ಎರಡು ದಿನ ಬ್ಲೋವರ್ ಬಿಸಿಗಾಳಿ ಹಾಯಿಸಿ ಒಣಗಿಸಿದೆ. ಒಳಗೆ ಏನು ಹಾಕುವುದು ಎಂಬ ಬಗ್ಗೆ ಮೂರು ಅಭಿಪ್ರಾಯ ಬಂದವು. ಸುಟ್ಟ ಆಯಿಲ್ ಎಂದರು ಒಬ್ಬರು, ಅದು ಸೋರಿ ಬ್ರೇಕಿಗೆ ತಾಗಿದರೆ ಕಷ್ಟ. ದೋಣಿಯ ಮರಕ್ಕೆ ಬಳಿಯುವ ಗೇರೆಣ್ಣೆ ಎಂದರು ಇನ್ನೊಬ್ಬರು, ಅದು ಚರ್ಮ ಸುಡುವ ವಸ್ತು, ಮರಕ್ಕೇ ಇರಲಿ. ನಾನು ಪೊಳ್ಳಿಗೆಂದೇ ಸಿಗುವ ಮೇಣ ತರಿಸಿದೆ, 4,600. ಉದ್ದ ಕೊಳವೆಯ ತುದಿಯಲ್ಲಿ ಸುತ್ತಲೂ ಚಿಮ್ಮುವ ನಳಿಕೆ ಇದೆ. ಕೊನೆಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತ ಸಿಂಪಡಿಸಬೇಕು. ಆರುವ ಮೊದಲು ಪ್ರತಿ ತೂತಿಗೂ ತಂತಿ ಚುಚ್ಚಿ ಬಾಯಿ ತೆರೆದಿಡಬೇಕು.

ಪಟ್ಟಿಗಳನ್ನು ಹೊಸ ಕ್ಲಿಪ್ ಹಾಕಿ ಕೂರಿಸಿದೆ, 5,400. ಎಲ್ಲವನ್ನೂ ಪತ್ತನಾಜೆಯೊಳಗೆ (ಮೇ ಕೊನೆಗೆ, ಮಳೆಗಾಲಕ್ಕೆ ಮೊದಲು ಬರುವ ತುಳುನಾಡಿನ ವಿಶೇಷ ದಿನ) ಮುಗಿಸುವ ಲೆಕ್ಕ ಇತ್ತು, ಒಂದು ವಾರ ತಪ್ಪಿತು. ಕಾರು ತೋರಿಸಿ, ನವೀಕರಣವಾಗಿ, ಹೆಸರೂ ಬದಲಾಯಿತು. ಉಳಿದ 40,000 ಹಿಡಿದುಕೊಂಡು ಕಾಪುವಿಗೆ ಅದೇ ಕಾರಿನಲ್ಲಿ ಹೋದೆ. ಅಮ್ಮ ಹಿಂದಿನ ಸೀಟಿನಲ್ಲಿ ಎಡಬದಿಗೆ ಕೂತರು. ಡಾಕ್ಟರರು ಓಡಿಸುವಾಗಲೂ ಮುಂದೆ ಕೂರುತ್ತಿರಲಿಲ್ಲವಂತೆ. ಪಡುಬಿದ್ರಿಯವರೆಗೆ ಹೋಗಿ ಬಂದೆವು.

ಲೆಕ್ಕ

ಕಾರು 2,40,000. ತುಕ್ಕಿನ ಬಾಬ್ತು, ನೀರಿಗೆ ಹೋದ 14,000 ಸೇರಿ, 68,000. ವೈರಿಂಗ್ 21,200. ಪೆಟ್ರೋಲ್ ಭಾಗ 11,300. ಬ್ರೇಕ್ 18,700. ಟೈರು ಮತ್ತು ಬ್ಯಾಟರಿ 30,800. ಲಾರಿ 4,500. ಕಾಗದ, ವಿಮೆ 26,000. ಒಟ್ಟು 4,20,500. ಜಾಕ್ ಸ್ಟ್ಯಾಂಡ್ ಬಾಡಿಗೆ, ಸಾಕೆಟ್, ಚಾ ಇದರಲ್ಲಿ ಇಲ್ಲ. ನವೆಂಬರಿನಲ್ಲಿ ಆ ಪಟ್ಟಿ ಬಿಚ್ಚಿ ನೋಡಿದ್ದರೂ ಬಹುಶಃ ಕೊಳ್ಳುತ್ತಿದ್ದೆ. ಆದರೆ 2,40,000ಕ್ಕೆ ಅಲ್ಲ.

ಬಾಕಿ: ಎ.ಸಿ. ಇವಾಪರೇಟರ್ (ಗಾಳಿ ತಂಪು ಮಾಡುವ ಭಾಗ) ಸೋರುತ್ತಿದೆ, ಅದನ್ನು ತೆಗೆಯಲು ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಹಿಂದಿನ ಗಾಜಿನ ಮೂಲೆಯನ್ನೂ ಮುಟ್ಟಿಲ್ಲ. ಎರಡೂ ಮಳೆಗಾಲ ಮುಗಿದ ಮೇಲೆ.

ಜೂನ್ 18

2023ರಲ್ಲಿ ಮಳೆ ತಡ. ಕೇರಳಕ್ಕೆ ಮುಂಗಾರು ತಲುಪಿದ್ದೇ ಜೂನ್ 8ಕ್ಕೆ. ನಮ್ಮಲ್ಲಿ ಜೋರು ಹಿಡಿದ ಮೇಲೆ ಕಾರನ್ನು ಬೇಕೆಂದೇ ಒಂದು ರಾತ್ರಿ ಅಂಗಳದಲ್ಲಿ ಬಿಟ್ಟೆ. ಬೆಳಿಗ್ಗೆ ಮಾಡಿನ ಕೆಳಗೆ ತಂದು, ಅಡಿಯಲ್ಲಿ ಹಳೇ ಪೇಪರ್ ಹಾಸಿದೆ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಒದ್ದೆ ಕಲೆ ಬಿದ್ದವು, ಒಂದೊಂದು ತೂತಿನ ನೇರ ಕೆಳಗೆ ಒಂದೊಂದು. ಅರ್ಧ ಗಂಟೆ ಬಿಟ್ಟು ತೂತಿಗೆ ಕಿರುಬೆರಳಿನ ತುದಿ ಒತ್ತಿ ನೋಡಿದೆ. ಮೇಣ ಅಂಟಿತು, ನೀರಿರಲಿಲ್ಲ.